ಮಾತಾಡದವನ ಸಿನಿಮಾಕ್ಕೆ ಸಬ್‌ಟೈಟಲ್

ಆ ಸಿನಿಮಾದ ಫೈಲು ನಮ್ಮ ಆಫೀಸಿಗೆ ಬಂದ ದಿನ ಮ್ಯಾನೇಜರಿಗೆ ಬಹಳ ಖುಷಿಯಾಗಿತ್ತು. ಎರಡು ಗಂಟೆಗೆ ಹತ್ತಿರದ ಚಿತ್ರ, ಆದರೆ ಮಾತು ಅರ್ಧ ಗಂಟೆಯದೂ ಇರಲಿಲ್ಲ. ಕಥಾನಾಯಕ ಮುಕ್ಕಾಲು ಭಾಗ ಬಾಯಿಯನ್ನೇ ಬಿಡುವುದಿಲ್ಲ. "ಮೂಕನ ಸಿನಿಮಾ ಹಬೀಬಿ, ಯಲ್ಲಾ, ಬೇಗ ಮುಗಿಸಿ ಕೊಡು," ಎಂದು ಹೇಳಿ ಅವರು ಫೈಲನ್ನು ನನ್ನ ಕಂಪ್ಯೂಟರಿಗೆ ಕಳಿಸಿದರು.

ರಿಯಾದಿನಲ್ಲಿ ಆಗ ಸಿನಿಮಾ ಮಂದಿರಗಳು ತೆರೆದಿರಲಿಲ್ಲ. ಸಿನಿಮಾ ಎಂದರೆ ಮನೆಯ ಟಿವಿ, ಡಿಶ್ಶು. ನಮ್ಮದು ಉಪಗ್ರಹ ವಾಹಿನಿಗಳಿಗೆ ಅರಬಿ ಸಬ್‌ಟೈಟಲ್ ಮಾಡಿಕೊಡುವ ಸಣ್ಣ ಕಂಪನಿ. ನನ್ನ ಕೆಲಸ ಭಾಷಾಂತರವಲ್ಲ, ಕಾಲ ಕೂರಿಸುವುದು. ಪಾತ್ರ ಬಾಯಿ ತೆರೆದ ಫ್ರೇಮಿನಲ್ಲಿ ಸಾಲು ಕೆಳಗೆ ಮೂಡಬೇಕು, ನೋಡುವವನು ಓದಿ ಮುಗಿಸುವಷ್ಟು ಹೊತ್ತು ನಿಲ್ಲಬೇಕು, ದೃಶ್ಯ ಬದಲಾಗುವ ಮೊದಲು ಹೋಗಿಬಿಡಬೇಕು. ಅರಬಿ ಬಲದಿಂದ ಎಡಕ್ಕೆ ಓಡುವ ಲಿಪಿಯಾದ್ದರಿಂದ ನಮ್ಮ ಸಾಫ್ಟ್‌ವೇರಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಆಗಾಗ ಸಾಲಿನ ಆರಂಭಕ್ಕೆ ಹಾರಿ ಕೂರುತ್ತಿತ್ತು. ಅದನ್ನು ಹಿಡಿದು ಸ್ವಸ್ಥಾನಕ್ಕೆ ತರುವುದೂ ನನ್ನದೇ ಕೆಲಸ. ಉಪ್ಪಿನಂಗಡಿಯ ಹತ್ತಿರದ ಮದ್ರಸದಲ್ಲಿ ಕಲಿತ ಅರಬಿ ಅಕ್ಷರ ನನಗೆ ಈ ಕೆಲಸ ಕೊಡಿಸಿತ್ತು. ಓದಲು ಬರುತ್ತಿತ್ತು, ಅರ್ಥ ಬರುತ್ತಿರಲಿಲ್ಲ. ಅರ್ಥ ಆಮೇಲೆ, ಆಫೀಸಿನ ಕುರ್ಚಿಯಲ್ಲಿ ಕೂತು, ಸಾಲಿನಿಂದ ಸಾಲಿಗೆ ಕಲಿತದ್ದು.

ಭಾಷಾಂತರ ಮಾಡುವವರು ನನ್ನ ಪಕ್ಕದ ಮೇಜಿನವರು. ಜೋರ್ಡನ್ ಪಾಸ್‌ಪೋರ್ಟಿನ ಪ್ಯಾಲೆಸ್ತೀನಿ, ಐವತ್ತು ದಾಟಿದ ವಯಸ್ಸು, ಅಮ್ಮಾನಿನ ಹೊರಗಿನ ನಿರಾಶ್ರಿತರ ಶಿಬಿರದಲ್ಲಿ ಹುಟ್ಟಿದವರು. ಅವರನ್ನು ಎಲ್ಲರೂ ಉಸ್ತಾದ್ ಎಂದು ಕರೆಯುತ್ತಿದ್ದರು. ನಮ್ಮೂರಿನಲ್ಲಿ ಉಸ್ತಾದ್ ಎಂದರೆ ಮದ್ರಸದ ಗುರುಗಳು, ಬೆತ್ತ ಹಿಡಿದವರು. ಇವರ ಕೈಯಲ್ಲಿ ಸದಾ ಒಂದು ಲೋಟ ಸೇಜ್ ಎಲೆಯ ಚಹಾ. ನಾವು ಮಾತಾಡುತ್ತಿದ್ದುದು ನನ್ನ ಮುರುಕು ಅರಬಿ ಮತ್ತು ಅವರ ಒಳ್ಳೆಯ ಇಂಗ್ಲಿಷ್ ಬೆರೆತ ಒಂದು ಭಾಷೆಯಲ್ಲಿ.

ಸಿನಿಮಾದ ಕಥೆಯನ್ನು ಹೇಳಿಬಿಡುತ್ತೇನೆ. ಗ್ರೀಸ್ ದೇಶದ ಒಂದು ಬಂದರು ಪಟ್ಟಣದಲ್ಲಿ ಮದುವೆ ಮನೆಗಳಿಗೆ ಕ್ಲಾರಿನೆಟ್ ಊದುವ ಒಬ್ಬ ಯಹೂದಿ. ಮಹಾಯುದ್ಧದ ಕಾಲ, ಜರ್ಮನ್ ಸೈನ್ಯ ಊರನ್ನು ಹಿಡಿದಿದೆ. ಅವನ ಮಂದಿಯನ್ನೆಲ್ಲ ರೈಲಿಗೆ ತುಂಬಿ ಒಯ್ಯುತ್ತಾರೆ. ಇವನೊಬ್ಬ ತಪ್ಪಿಸಿಕೊಂಡು ಬೆಟ್ಟದ ಹಳ್ಳಿಗೆ ಬರುತ್ತಾನೆ. ಒಬ್ಬ ವಿಧವೆ ಮುದುಕಿ ಅವನಿಗೆ ಕುರಿ ಕಾಯುವ ಕೆಲಸ ಕೊಡುತ್ತಾಳೆ. ಅವನ ಜನ ಮನೆಯೊಳಗೆ ಆಡುವುದು ಹಳೆಯ ಕಾಲದ ಒಂದು ಬಗೆಯ ಸ್ಪ್ಯಾನಿಷ್. ಆ ರಾಗ ಅವನ ಗ್ರೀಕ್ ಮಾತಿನಲ್ಲೂ ಇಣುಕುತ್ತದೆ, ಬಾಯಿ ತೆರೆದರೆ ಯಾರೆಂದು ಗೊತ್ತಾಗಿಬಿಡುತ್ತದೆ. ಆದ್ದರಿಂದ ಅವನು ಮೂಕನಂತೆ ನಟಿಸುತ್ತಾನೆ. ಕ್ಲಾರಿನೆಟ್ಟನ್ನು ಮುದುಕಿ ಖಾಲಿ ಜೇನುಪೆಟ್ಟಿಗೆಯಲ್ಲಿ ಇಟ್ಟು ಸುತ್ತಲೂ ತುಂಬಿದ ಪೆಟ್ಟಿಗೆಗಳನ್ನು ಇಡುತ್ತಾಳೆ. ಸೈನ್ಯ ಹಳ್ಳಿ ಬಿಡುವವರೆಗೂ ಅವನು ಮಾತಾಡುವುದಿಲ್ಲ, ಊದುವುದಿಲ್ಲ.

ಮೊದಲ ಸಲ ಪೂರ್ತಿ ನೋಡಿದಾಗ ನನಗೆ ಊರಿನ ಬಸ್ಸು ನೆನಪಾಯಿತು. ನಮ್ಮ ಮನೆಮಾತು ಬ್ಯಾರಿ, ಕರಾವಳಿಯ ಮುಸ್ಲಿಮರ ಭಾಷೆ. ನಾನು ತುಳು ಮಾತಾಡಿದರೆ ಎರಡನೇ ಮಾತಿಗೆ "ನೀವು ಬ್ಯಾರಿಗಳಾ?" ಎಂದು ಕೇಳುವವರಿದ್ದರು. ಕೆಲವರು ಪ್ರೀತಿಯಿಂದ, ಕೆಲವರು ಬೇರೆ ಥರ. ಕೇಳುವ ದನಿಯಲ್ಲೇ ಅದು ಯಾವುದೆಂದು ತಿಳಿಯುತ್ತಿತ್ತು. ನಾನು ಪಟ್ಟ ಕಷ್ಟ ಅಷ್ಟೇ, ಅವನದಕ್ಕೆ ಹೋಲಿಸುವಂಥದ್ದಲ್ಲ. ಆದರೂ ಅವನು ಬಾಯಿ ಮುಚ್ಚಿಕೊಳ್ಳುವುದು ನನಗೆ ಬೇಗ ಅರ್ಥವಾಯಿತು.

ನಾನು ಮಾತಿನ ಜಾಗಗಳನ್ನೆಲ್ಲ ಗುರುತು ಮಾಡಿ ಉಸ್ತಾದರಿಗೆ ಕೊಟ್ಟೆ. ಸಾಮಾನ್ಯವಾಗಿ ಅವರು ಮಾರನೆಯ ದಿನವೇ ಮೊದಲ ಭಾಗ ಕಳಿಸುವವರು. ಈ ಸಲ ಏನೂ ಬರಲಿಲ್ಲ. ಮತ್ತೆರಡು ದಿನ ಕಳೆದರೂ ಬರಲಿಲ್ಲ. ಬೇರೆ ಕೆಲಸಗಳನ್ನು ಮುಗಿಸುತ್ತಿದ್ದರು, ಇದನ್ನು ತೆರೆಯುತ್ತಿದ್ದರು, ಮುಚ್ಚುತ್ತಿದ್ದರು. ನಾನು ಎದ್ದು ಅವರ ಪರದೆ ನೋಡಿದೆ. ಚಿತ್ರದ ಆರಂಭದಲ್ಲಿ ಕಪ್ಪು ಹಿನ್ನೆಲೆಯಲ್ಲಿ ಬರುವ ಬರಹದ ಮೇಲೆಯೇ ನಿಂತಿತ್ತು: ಆಕ್ರಮಣದ ಎರಡನೆಯ ಚಳಿಗಾಲ. ಕೆಳಗಿನ ಅರಬಿ ಸಾಲು ಖಾಲಿ.

ಏನಾದರೂ ತೊಂದರೆಯೇ ಎಂದು ಕೇಳಿದೆ. ಅವರು ಕುರ್ಚಿ ತಿರುಗಿಸಿದರು.

"ಇದಕ್ಕೆ ಅರಬಿಯಲ್ಲಿ ಇರುವುದು ಒಂದೇ ಮಾತು, ಇಹ್ತಿಲಾಲ್," ಎಂದರು. "ನಾನು ಹುಟ್ಟಿದಾಗಿನಿಂದ ಕೇಳಿದ ಮಾತು. ನಮ್ಮ ಮನೆಯಲ್ಲಿ ಊಟಕ್ಕೆ ಕೂತಾಗ, ಮದುವೆಯಲ್ಲಿ, ಸಾವಿನಲ್ಲಿ, ಎಲ್ಲ ಕಡೆ ಅದೇ. ಆ ಮಾತಿನ ಒಂದು ತುದಿಯಲ್ಲಿ ನಾವು, ಇನ್ನೊಂದು ತುದಿಯಲ್ಲಿ ಅವರು, ನಮ್ಮ ನೆಲ ಹಿಡಿದ ಯಹೂದಿಗಳು. ಈಗ ಅದನ್ನು ಅವರ ಪರವಾಗಿ ನಾನು ಬರೆಯಬೇಕು."

ಬೇರೆಯವರಿಗೆ ಕೊಡಬಹುದಲ್ಲ ಎಂದೆ. ಅವರು ಬೇಡವೆಂದರು. ಬರೆಯಲಾರೆ ಎಂದು ತಾನು ಹೇಳಿಲ್ಲ, ಬರೆಯಲು ಸ್ವಲ್ಪ ಹೊತ್ತು ಬೇಕು ಎಂದರು. ಅವತ್ತು ಸಂಜೆ ಹೊರಡುವಾಗ ಆ ಸಾಲು ತುಂಬಿತ್ತು. ಇಹ್ತಿಲಾಲ್ ಎಂದೇ ಬರೆದಿದ್ದರು. ಆಮೇಲೆ ಕೆಲಸ ನಿಲ್ಲಲಿಲ್ಲ.

ನಿಂತದ್ದು ಬೇರೆ ಕಡೆಯಿಂದ. ನಾವು ಮುಕ್ಕಾಲು ಪಾಲು ಮುಗಿಸಿದ ಮೇಲೆ ವಾಹಿನಿಯವರು ಹೊಸ ಪ್ರತಿ ಕಳಿಸಿ, ಪ್ರಸಾರವಾಗುವುದು ಇದು ಎಂದರು. ಹಳೆಯದು ಸೆಕೆಂಡಿಗೆ ಇಪ್ಪತ್ತನಾಲ್ಕು ಫ್ರೇಮಿನದು, ಹೊಸದು ಇಪ್ಪತ್ತೈದರದು. ಅಂದರೆ ಇಡೀ ಚಿತ್ರ ಒಂದಿಷ್ಟು ವೇಗವಾಗಿ ಓಡುತ್ತದೆ. ಮೊದಲ ಮಾತಿಗೆ ಸಾಲು ಸರಿಯಾಗಿ ಬೀಳುತ್ತದೆ, ಅರ್ಧಕ್ಕೆ ಬರುವಾಗ ಒಬ್ಬನ ಮಾತು ಇನ್ನೊಬ್ಬನ ಮುಖದ ಕೆಳಗೆ ಬೀಳುತ್ತದೆ, ಕೊನೆಗೆ ಬರುವಾಗ ನಿಮಿಷಗಟ್ಟಲೆ ವ್ಯತ್ಯಾಸ. ಇಷ್ಟೇ ಆಗಿದ್ದರೆ ಒಂದು ಲೆಕ್ಕ ಹಾಕಿ ಎಲ್ಲವನ್ನೂ ಒಟ್ಟಿಗೆ ಹಿಂದಕ್ಕೆ ತಳ್ಳಬಹುದಿತ್ತು. ಆದರೆ ವೈನ್ ಕುಡಿಯುವ, ಮುತ್ತಿಡುವ ತುಣುಕುಗಳನ್ನು ಅಲ್ಲಲ್ಲಿ ಕತ್ತರಿಸಿದ್ದರು. ಪ್ರತಿ ಕತ್ತರಿಯ ನಂತರವೂ ಲೆಕ್ಕ ಬದಲಾಗುತ್ತಿತ್ತು. ಕೊನೆಗೆ ಯಂತ್ರವನ್ನು ನಂಬದೆ ತುಟಿ ನೋಡಿ, ದನಿ ಕೇಳಿ, ಪ್ರತಿ ಸಾಲನ್ನೂ ಕೈಯಲ್ಲೇ ಮತ್ತೆ ಕೂರಿಸಿದೆ. ವೇಗ ಹೆಚ್ಚಿದ್ದರಿಂದ ಓದುವ ಸಮಯ ಕಡಿಮೆಯಾಗಿ ಉಸ್ತಾದರು ಉದ್ದದ ಸಾಲುಗಳನ್ನೆಲ್ಲ ಮೊಟಕು ಮಾಡಬೇಕಾಯಿತು.

ಈ ಎರಡನೆಯ ಸುತ್ತಿನಲ್ಲಿ ನನಗೊಂದು ವಿಷಯ ಗಮನಕ್ಕೆ ಬಂತು. ಮೂಕನ ದೃಶ್ಯಗಳಲ್ಲಿ ಉಸ್ತಾದರಿಗೆ ಕೆಲಸವೇ ಇಲ್ಲ. ಆದರೂ ಅವರು ಆ ದೃಶ್ಯಗಳನ್ನು ಓಡಿಸಿ ಮುಂದೆ ಹೋಗುತ್ತಿರಲಿಲ್ಲ. ಅವನು ನಿದ್ದೆಯಲ್ಲಿ ಏನೋ ಗುನುಗುತ್ತಾನೆ, ಮುದುಕಿ ಎದ್ದು ಬಂದು ಅವನ ಬಾಯಿಯ ಮೇಲೆ ಕೈ ಇಡುತ್ತಾಳೆ. ಆ ಜಾಗವನ್ನು ಅವರು ಹೆಡ್‌ಫೋನು ತೆಗೆದಿಟ್ಟು, ಸದ್ದಿಲ್ಲದೆ, ಕೆನ್ನೆಗೆ ಕೈ ಕೊಟ್ಟು ನೋಡುತ್ತಿದ್ದುದನ್ನು ಕಂಡೆ.

ಕೆಲಸ ಮುಗಿಯುವ ಹೊತ್ತಿಗೆ ಮ್ಯಾನೇಜರ್ ನನ್ನನ್ನು ಕೋಣೆಗೆ ಕರೆದರು. ಅವರು ಬೈರೂತಿನವರು, ಒಳ್ಳೆಯ ಮನುಷ್ಯ, ಆದರೆ ತಕರಾರು ಎಂದರೆ ಅವರಿಗೆ ಹೊಟ್ಟೆನೋವು ಬರುತ್ತಿತ್ತು. ಕೂಡಿಸಿ, ಬಾಗಿಲು ಹಾಕಿ, ವಿಷಯ ಹೇಳಿದರು. ಇದು ಕುಟುಂಬಗಳು ನೋಡುವ ವಾಹಿನಿ. ಯಾರೋ ಒಬ್ಬ ಕೂತು ಯಹೂದಿಗಳ ಪರವಾದ ಸಿನಿಮಾ ಯಾಕೆ ಹಾಕಿದ್ದೀರಿ ಎಂದು ದೂರು ಬರೆದರೆ ವಾಹಿನಿ ನಮ್ಮ ಕೆಲಸವನ್ನೇ ನಿಲ್ಲಿಸಬಹುದು. ಆದ್ದರಿಂದ ಯಹೂದಿ ಎಂದು ಬರುವಲ್ಲೆಲ್ಲ ಪಟ್ಟಣದವನು ಎಂದು ಮಾಡಿಬಿಡು ಎಂದರು. ವಾಹಿನಿಯವರು ಹಾಗೆ ಹೇಳಿದ್ದಾರೆಯೇ ಎಂದು ಕೇಳಿದೆ. ಅವರು ಏನೂ ಹೇಳಿಲ್ಲ, ಹೇಳುವವರೆಗೆ ಕಾಯುವುದು ಯಾಕೆ ಎಂಬುದು ಇವರ ವಾದ.

"ಉಸ್ತಾದರಿಗೆ ಹೇಳಬೇಕೇ?" ಎಂದೆ.

"ಅವರಿಗೆ ಯಾಕೆ ಹೇಳುವುದು? ಹುಡುಕಿ ಬದಲಿಸುವ ಗುಂಡಿ ಇದೆಯಲ್ಲ. ನೀನೇ ಮಾಡು. ಅವರಿಗೂ ಅದೇ ಬೇಕಾಗಿರುತ್ತದೆ, ಹೇಳಿಕೊಳ್ಳುವುದಿಲ್ಲ ಅಷ್ಟೇ."

ಅವರಿಗೂ ಅದೇ ಬೇಕಾಗಿರಬಹುದು ಎಂದು ನನಗೂ ಅನ್ನಿಸಿತು. ಮೊದಲ ಸಾಲಿಗೆ ಅಷ್ಟು ದಿನ ತೆಗೆದುಕೊಂಡವರು. ಕೇಳದೆ ಬದಲಿಸಿದರೆ ಅವರಿಗೆ ಉಪಕಾರವೇ ಆದೀತು ಎಂದು ಮನಸ್ಸಿಗೆ ಹೇಳಿಕೊಂಡು ಮೇಜಿಗೆ ಬಂದೆ. ಫೈಲಿನ ಇನ್ನೊಂದು ಪ್ರತಿ ಮಾಡಿ, ಅದರಲ್ಲಿ ಗುಂಡಿ ಒತ್ತಿದೆ. ಒಂದು ಕ್ಷಣದ ಕೆಲಸ. ಆಮೇಲೆ ನನ್ನ ರೂಢಿಯಂತೆ ಬದಲಾದ ಜಾಗಗಳನ್ನು ಚಿತ್ರದ ಜೊತೆ ಓಡಿಸಿ ನೋಡಿದೆ.

ಹಳ್ಳಿಯ ಇಗರ್ಜಿಯ ಅಂಗಳದಲ್ಲಿ ಸೈನಿಕರು ಗಂಡಸರನ್ನು ಸಾಲಾಗಿ ನಿಲ್ಲಿಸಿದ್ದಾರೆ. ಅಧಿಕಾರಿ ಒಬ್ಬೊಬ್ಬನ ಎದುರು ನಿಂತು ಜರ್ಮನ್ ಭಾಷೆಯಲ್ಲಿ "ಯೂಡೆ?", ಯಹೂದಿಯೋ, ಎಂದು ಕೇಳುತ್ತಾನೆ. ಕೆಳಗೆ ಅರಬಿಯಲ್ಲಿ: ನೀನು ಪಟ್ಟಣದವನೋ? ಮುದುಕಿ ನುಗ್ಗಿ ಬಂದು, ಇವನು ನನ್ನ ತಂಗಿಯ ಮಗ, ಹುಟ್ಟು ಮೂಕ ಎನ್ನುತ್ತಾಳೆ. ಸೈನ್ಯ ಹಳ್ಳಿ ಬಿಟ್ಟುಹೋದ ಬೆಳಗ್ಗೆ ಅವನು ಅವಳ ಎದುರು ನಿಲ್ಲುತ್ತಾನೆ, ಹಳ್ಳಿಗೆ ಬಂದ ಮೇಲೆ ಮೊದಲ ಸಲ ಬಾಯಿ ತೆರೆಯುತ್ತಾನೆ. ನಾನು ಯಹೂದಿ, ಎನ್ನುತ್ತಾನೆ. ಅವಳು ಹಾಲು ಕರೆಯುತ್ತಲೇ, ಗೊತ್ತು, ನಿದ್ದೆಯಲ್ಲಿ ಮಾತಾಡುತ್ತೀಯ, ಎನ್ನುತ್ತಾಳೆ. ನನ್ನ ಹೊಸ ಪ್ರತಿಯಲ್ಲಿ ಅವನು, ನಾನು ಪಟ್ಟಣದವನು, ಎಂದ. ಅವಳು, ಗೊತ್ತು, ಎಂದಳು.

ನನಗೆ ನಗು ಬಂತು. ನಕ್ಕದ್ದೇ ಹೆದರಿಕೆಯೂ ಆಯಿತು. ಇಷ್ಟು ಹೊತ್ತು ಉಸಿರು ಬಿಗಿಹಿಡಿದು ನೋಡಿದ ಪ್ರೇಕ್ಷಕನೂ ಇಲ್ಲಿ ನಗುತ್ತಾನಲ್ಲ ಎಂದು.

ಪಕ್ಕದ ಮೇಜಿನಿಂದ ಉಸ್ತಾದರು ಯಾಕೆ ನಗು ಎಂದು ಕೇಳಿದರು. ಮುಚ್ಚಿಡಲು ಆಗಲಿಲ್ಲ, ತೋರಿಸಿದೆ. ಅವರು ಎರಡು ಸಲ ನೋಡಿದರು. ಚಹಾದ ಲೋಟವನ್ನು ದೂರ ಸರಿಸಿದರು.

"ಹಾಗಾದರೆ ಕೊನೆಯಲ್ಲಿ ಬರುವ ನನ್ನ ಹೆಸರನ್ನೂ ತೆಗೆದುಬಿಡಿ," ಎಂದರು. "ರಾಜೀನಾಮೆ ಪತ್ರವನ್ನೂ ಬರೆದುಕೊಡುತ್ತೇನೆ. ಅಮ್ಮಾನಿಗೆ ಹೋಗುತ್ತೇನೆ."

ನಾನು, ನಿಮಗೆ ಇದೇ ಸಲೀಸು ಎಂದುಕೊಂಡಿದ್ದೆ, ಎಂದೆ.

"ಸಲೀಸೇ," ಎಂದರು. "ನಾನು ಯಾರನ್ನೂ ಕ್ಷಮಿಸಿಲ್ಲ ಅಖೀ. ನಮ್ಮಪ್ಪ ಕ್ಷೌರಿಕ, ಊರಿನಲ್ಲಿ ಅಂಗಡಿ ಇತ್ತು, ಶಿಬಿರದಲ್ಲಿ ಮರದ ಕೆಳಗೆ ಕೂತು ಜನರ ತಲೆ ಬೋಳಿಸುತ್ತಲೇ ಸತ್ತರು. ಅದನ್ನು ಮರೆತಿಲ್ಲ. ಆದರೆ ಈ ಮನುಷ್ಯ ಇಡೀ ಸಿನಿಮಾದಲ್ಲಿ ಬಾಯಿ ಮುಚ್ಚಿಕೊಂಡು ಕಾದದ್ದು ಈ ಒಂದು ಮಾತು ಹೇಳುವುದಕ್ಕೆ. ನಾನು ಯಾರು ಎಂದು ಹೇಳಲು ಬಿಡದೇ ಇರುವುದು ಏನೆಂದು ನನಗೆ ಗೊತ್ತು. ಅದನ್ನು ನನ್ನ ಕೈಯಿಂದ ಮಾಡಿಸಬೇಡಿ."

ಅವತ್ತು ಮಲಾಜ್ ಬಡಾವಣೆಯ ನಮ್ಮ ಮನೆಗೆ ಬಂದು ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಅವಳು ಮೀನು ಕಾಯಿಸುತ್ತಿದ್ದಳು. ನನ್ನ ಇಕಾಮಾ, ಅಂದರೆ ವಾಸದ ಪರವಾನಗಿ, ಇರುವುದು ಈ ಕಂಪನಿಯ ಕಫೀಲನ, ನನಗೆ ಜಾಮೀನಾದ ಸೌದಿ ಮಾಲೀಕನ, ಹೆಸರಿನಲ್ಲಿ. ಮ್ಯಾನೇಜರ್ ಸಿಟ್ಟಾದರೆ ನವೀಕರಣ ಮಾಡಿಸದೆ ಬಿಡಬಹುದು, ಮಗಳ ಶಾಲೆ ಅರ್ಧ ವರ್ಷದಲ್ಲಿದೆ, ಇತ್ಯಾದಿ ಎಲ್ಲ ಹೇಳಿ, ಸುಮ್ಮನೆ ಬದಲಿಸಿ ಕೊಟ್ಟುಬಿಡಲಾ ಎಂದು ಕೇಳಿದೆ. ಅವಳು ಮೀನಿನ ತುಂಡುಗಳನ್ನು ತಿರುವಿ ಹಾಕಿದಳು.

"ಅವ್ರಿಗೆ ಗೊತ್ತಿಲ್ಲದ ಹಾಗೆ ಮಾಡಿದ್ರೆ ನಾಳೆ ಅವ್ರ ಪಕ್ಕ ಕೂತ್ಕೊಳ್ಳಿಕ್ಕೆ ಆಗ್ತದಾ ನಿಮ್ಗೆ?" ಎಂದಳು. "ಮೊದ್ಲು ಮ್ಯಾನೇಜರ್ ಹತ್ರ ಸರಿಯಾಗಿ ಮಾತಾಡಿ ಮಾರಾಯ್ರೆ. ಮತ್ತೆ ಎಂತ ಆಗ್ತದೋ ನೋಡುವ. ಊರಿಗೆ ಹೋಗ್ಬೇಕಾದ್ರೆ ಹೋಗುವ."

ಬೆಳಗ್ಗೆ ಆಫೀಸಿಗೆ ಹೋಗುವಾಗ ನನ್ನ ತಲೆಯಲ್ಲಿ ದೊಡ್ಡ ದೊಡ್ಡ ಮಾತುಗಳಿದ್ದವು, ನ್ಯಾಯ, ಸತ್ಯ ಎಂದೆಲ್ಲ. ಮ್ಯಾನೇಜರ್ ಕೋಣೆಗೆ ಹೋದ ಮೇಲೆ ಅವು ಯಾವುದೂ ಬಾಯಿಗೆ ಬರಲಿಲ್ಲ. ಹತ್ತು ನಿಮಿಷ ಕೊಡಿ ಎಂದು ಕೇಳಿ, ಎರಡೂ ಪ್ರತಿಗಳನ್ನು ಅವರ ಪರದೆಯಲ್ಲಿ ಹಾಕಿದೆ. ಮೊದಲು ಅವರು ಹೇಳಿದ ಪ್ರತಿ. ಅಂಗಳದ ದೃಶ್ಯದಲ್ಲಿ ಅಧಿಕಾರಿ "ಯೂಡೆ?" ಎಂದಾಗ ನಿಲ್ಲಿಸಿದೆ. ಆ ಶಬ್ದ ಅರಬಿಯ ಯಹೂದ್ ಎಂಬುದಕ್ಕೆ ಎಷ್ಟು ಹತ್ತಿರ ಎಂದು ತೋರಿಸಿದೆ. ಪ್ರೇಕ್ಷಕರ ಕಿವಿಗೆ ಒಂದು ಬೀಳುತ್ತದೆ, ಕಣ್ಣಿಗೆ ಇನ್ನೊಂದು. ಆಮೇಲೆ ಹಾಲು ಕರೆಯುವ ದೃಶ್ಯ ಹಾಕಿದೆ. ಮ್ಯಾನೇಜರ್ ತುಟಿಯಲ್ಲೂ ನಗು ಬಂತು. ನನಗೆ ಬಂದ ಜಾಗದಲ್ಲೇ.

"ಇದರ ಫೋಟೋ ತೆಗೆದು ಟ್ವಿಟರಿನಲ್ಲಿ ಹಾಕುತ್ತಾರೆ ಸರ್," ಎಂದೆ. "ಕೆಳಗೆ ನಮ್ಮ ಕಂಪನಿಯ ಹೆಸರು ಇರುತ್ತದೆ."

ಆ ವರ್ಷಗಳಲ್ಲಿ ರಿಯಾದಿನವರ ಅರ್ಧ ಜೀವನ ಟ್ವಿಟರಿನಲ್ಲಿ ನಡೆಯುತ್ತಿತ್ತು. ಯಾವುದೋ ಅಡುಗೆ ಕಾರ್ಯಕ್ರಮದ ತಪ್ಪು ಸಬ್‌ಟೈಟಲನ್ನು ಹಿಡಿದು ಜನ ವಾರವಿಡೀ ನಕ್ಕದ್ದು ಅವರಿಗೆ ನೆನಪಿತ್ತು. ಅವರು ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು. ಉಸ್ತಾದರು ಏನೆನ್ನುತ್ತಾರೆ ಎಂದು ಕೇಳಿದರು. ಹೇಳಿದೆ. ರಾಜೀನಾಮೆಯ ವಿಷಯವನ್ನೂ ಹೇಳಿದೆ. ಮ್ಯಾನೇಜರ್ ನಿಜವಾಗಿ ಆಶ್ಚರ್ಯಪಟ್ಟರು, "ಅವರಾ?" ಎಂದರು. ಮತ್ತೆ ಬಂದು ಕೂತು, ಹಾಗಾದರೆ ವಾಹಿನಿಗೆ ನೀನೇ ನಿನ್ನ ಹೆಸರಿನಲ್ಲಿ ಬರೆ, ಇದ್ದದ್ದು ಇದ್ದಂತೆ ಇಟ್ಟಿದ್ದೇವೆ, ಆಕ್ಷೇಪವಿದ್ದರೆ ತಿಳಿಸಿ ಎಂದು, ಎಂದರು. ಏನಾದರೂ ಆದರೆ ತಾವು ಫೈಲನ್ನೇ ನೋಡಿಲ್ಲ ಎನ್ನುವುದಾಗಿಯೂ ಹೇಳಿದರು. ಅಷ್ಟು ಸ್ಪಷ್ಟವಾಗಿ ಹೇಳಿದ್ದಕ್ಕೆ ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ.

ಬರೆದೆ. ಉತ್ತರ ಬರಲಿಲ್ಲ. ಇನ್ನೊಮ್ಮೆ ಬರೆದೆ, ಫೋನು ಮಾಡಿದೆ. ಸಂಬಂಧಪಟ್ಟವರು ರಜೆಯಲ್ಲಿದ್ದಾರೆ ಎಂದರು. ಫೈಲು ಒಪ್ಪಿಸಬೇಕಾದ ಮಧ್ಯಾಹ್ನ ಬಂತು. ಮ್ಯಾನೇಜರ್ ಅವತ್ತು ಬೇರೆ ಕೆಲಸದ ಮೇಲೆ ಹೊರಗಿದ್ದರು, ಬೇಕೆಂದೇ ಇದ್ದರೇನೋ. ನನ್ನ ಕಂಪ್ಯೂಟರಿನಲ್ಲಿ ಎರಡೂ ಪ್ರತಿಗಳಿದ್ದವು. ಬದಲಿಸಿದ್ದನ್ನು ಕಳಿಸಿದರೆ ವಾಹಿನಿಯಲ್ಲಿ ಯಾರೂ ಏನೂ ಕೇಳುವುದಿಲ್ಲ. ಉಸ್ತಾದರು ಪಕ್ಕದಲ್ಲೇ ಕೂತು ಯಾವುದೋ ಪ್ರಾಣಿಗಳ ಸಾಕ್ಷ್ಯಚಿತ್ರದ ಭಾಷಾಂತರ ಮಾಡುತ್ತಿದ್ದರು. ಒಂದು ಸಲವೂ ನನ್ನ ಕಡೆ ತಿರುಗಲಿಲ್ಲ. ನಾನು ಬದಲಿಸಿದ ಪ್ರತಿಯನ್ನು ಅಳಿಸಿದೆ. ಉಳಿದದ್ದನ್ನು ಕೊನೆಯ ಸಲ ಮೊದಲಿನಿಂದ ಓಡಿಸಿ, ಎರಡು ಕಡೆ ಹಾರಿಹೋಗಿದ್ದ ಪ್ರಶ್ನಾರ್ಥಕಗಳನ್ನು ಸರಿಪಡಿಸಿ, ಕಳಿಸಿದೆ. ಕಳಿಸಿ ಆಯಿತು ಎಂದು ಹೇಳಿದಾಗ ಅವರು ತಲೆ ಆಡಿಸಿದರು ಅಷ್ಟೇ. ಸ್ವಲ್ಪ ಹೊತ್ತಿನ ಮೇಲೆ ನನ್ನ ಮೇಜಿನ ಮೇಲೆ ಒಂದು ಲೋಟ ಸೇಜ್ ಚಹಾ ಬಂತು.

ಸಿನಿಮಾ ಒಂದು ಗುರುವಾರ ಪ್ರಸಾರವಾಯಿತು. ದೂರು ಬರಲಿಲ್ಲ. ಹೊಗಳಿಕೆಯೂ ಬರಲಿಲ್ಲ. ಮ್ಯಾನೇಜರ್ ಮತ್ತೆ ಆ ವಿಷಯ ಎತ್ತಲಿಲ್ಲ, ನನ್ನ ಇಕಾಮಾ ಸಮಯಕ್ಕೆ ಸರಿಯಾಗಿ ನವೀಕರಣವಾಯಿತು. ನಾನು ಅಷ್ಟೊಂದು ಹೆದರಬೇಕಾಗಿರಲಿಲ್ಲ ಎಂದು ಈಗ ಹೇಳುವುದು ಸುಲಭ.

ಸಿನಿಮಾ ಪ್ರಸಾರವಾದ ಮಾರನೆಯ ದಿನ, ಶುಕ್ರವಾರ ಮಧ್ಯಾಹ್ನ, ಅದರ ಮರುಪ್ರಸಾರವಿತ್ತು. ಉಸ್ತಾದರು ನಮ್ಮನ್ನು ಊಟಕ್ಕೆ ಕರೆದರು. ಮಗಳನ್ನು ಪಕ್ಕದ ಮನೆಯವರ ಬಳಿ ಬಿಟ್ಟು ನಾನೂ ಹೆಂಡತಿಯೂ ಹೋದೆವು. ಅವರ ತಾಯಿ ವಿಸಿಟ್ ವೀಸಾದಲ್ಲಿ ಅಮ್ಮಾನಿನಿಂದ ಬಂದಿದ್ದರು. ಎಂಬತ್ತರ ಆಸುಪಾಸಿನ, ಕಸೂತಿ ಅಂಗಿಯ ತೆಳ್ಳನೆಯ ಹೆಂಗಸು. ಅವರು ಹುಡುಗಿಯಾಗಿದ್ದಾಗಲೇ ಊರು ಬಿಟ್ಟು ಗಡಿ ದಾಟಿದವರು. ಉಸ್ತಾದರು ಆಕೆಯನ್ನು "ಯಮ್ಮಾ" ಎಂದು ಕರೆದಾಗ ನಾನೂ ನನ್ನ ಹೆಂಡತಿಯೂ ಮುಖ ಮುಖ ನೋಡಿಕೊಂಡೆವು. ಅವರ ಕಡೆ ತಾಯಿಯನ್ನು ಹಾಗೆಯೇ ಕರೆಯುತ್ತಾರಂತೆ.

ಊಟವಾಗಿ ಟಿವಿ ಮುಂದೆ ಕೂತೆವು. ತಾಯಿಗೆ ಓದಲು ಬರುತ್ತಿರಲಿಲ್ಲ. ಉಸ್ತಾದರು ಪಕ್ಕದಲ್ಲಿ ಕೂತು ತಾವು ಬರೆದ ಸಾಲುಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದಿ ಹೇಳಿದರು. ಮೊದಲ ಸಾಲಿನ ಇಹ್ತಿಲಾಲ್ ಕೂಡ. ಆಕೆ ಯಾರ ಆಕ್ರಮಣ ಎಂದು ಕೇಳಿದರು, ಮಗ ಹೇಳಿದರು, ಆಕೆ ಹೂಂ ಎಂದರು. ನಾನು ಕೂರಿಸಿದ ವೇಗಕ್ಕೆ ಅವರ ಓದು ಸರಿಯಾಗಿ ಹೊಂದುತ್ತಿತ್ತು. ನಾನು ಯಹೂದಿ ಎಂಬ ಸಾಲು ಬಂದಾಗ ಅದನ್ನೂ ಅದೇ ದನಿಯಲ್ಲಿ ಓದಿದರು. ಹಾಲು ಕರೆಯುವ ಮುದುಕಿಯ ಉತ್ತರಕ್ಕೆ ತಾಯಿ ಸಣ್ಣಗೆ ನಕ್ಕು, ಒಳ್ಳೆಯ ಹೆಂಗಸು ಎಂದರು.

ಕೊನೆಯ ದೃಶ್ಯದಲ್ಲಿ ಮಾತಿಲ್ಲ. ಯುದ್ಧ ಮುಗಿದು ಅವನು ಬಂದರು ಪಟ್ಟಣಕ್ಕೆ ವಾಪಸಾಗುತ್ತಾನೆ. ತನ್ನ ಬೀದಿ, ತನ್ನ ಮನೆ. ಬಾಗಿಲು ತಟ್ಟಿದರೆ ಬೇರೆ ಯಾರೋ ಹೆಂಗಸು ತೆರೆಯುತ್ತಾಳೆ. ಅವಳ ಹಿಂದೆ ಅವನದೇ ಮೇಜು, ಅವನದೇ ಗಡಿಯಾರ. ಅವಳು ಅವನನ್ನು ನೋಡುತ್ತಾಳೆ, ಅವನ ಕೈಯಲ್ಲಿರುವ ಕ್ಲಾರಿನೆಟ್ಟನ್ನು ನೋಡುತ್ತಾಳೆ, ಬಾಗಿಲು ಹಾಕುತ್ತಾಳೆ. ಉಸ್ತಾದರಿಗೆ ಓದಲು ಏನೂ ಇರಲಿಲ್ಲ. ತಾಯಿಗೆ ಯಾರೂ ಓದಿ ಹೇಳಬೇಕಾಗಿಯೂ ಇರಲಿಲ್ಲ.

ಪರದೆಯ ಮೇಲೆ ಹೆಸರುಗಳು ಬರತೊಡಗಿದವು. ತಾಯಿ ಮುಚ್ಚಿದ ಬಾಗಿಲು ಇದ್ದ ಜಾಗವನ್ನೇ ನೋಡುತ್ತಿದ್ದರು.

"ನನಗೆ ನೀರಾದರೂ ಕೊಟ್ಟಿದ್ದರು," ಎಂದರು.

ಉಸ್ತಾದರು ಆಕೆಯ ಕಡೆ ತಿರುಗಿದರು. ಬಹಳ ವರ್ಷಗಳ ಹಿಂದೆ ತಾಯಿ ತನ್ನ ಅಣ್ಣನ ಜೊತೆ ಪರವಾನಗಿ ಪಡೆದು, ಈಗ ಇಸ್ರೇಲಿನೊಳಗೆ ಸೇರಿರುವ ಹಳೆಯ ಊರು ನೋಡಿ ಬಂದದ್ದು ಮನೆಯವರಿಗೆಲ್ಲ ಗೊತ್ತಿತ್ತಂತೆ. ಮನೆಯ ತನಕ ಹೋಗಿದ್ದರು, ಬಾಗಿಲು ತಟ್ಟಿದ್ದರು, ಒಳಗೆ ಇದ್ದವರು ತೆರೆದಿದ್ದರು ಎಂದು ಯಾರಿಗೂ ಗೊತ್ತಿರಲಿಲ್ಲ. ಇದನ್ನು ಅವರು ನನಗೆ ಹೇಳಿದ್ದು ಆಮೇಲೆ, ಆಫೀಸಿನಲ್ಲಿ.

ಆ ಹೊತ್ತಿನಲ್ಲಿ ಅವರು ಟಿವಿಯ ಸದ್ದು ಪೂರ್ತಿ ಇಳಿಸಿ, ತಾಯಿಯ ಕೈ ಹಿಡಿದುಕೊಂಡು, "ಯಾರು ಕೊಟ್ಟದ್ದು, ಯಮ್ಮಾ?" ಎಂದು ಕೇಳಿದರು. ತಾಯಿ ಹೇಳಲು ಬಾಯಿ ತೆರೆದರು. ನಾನು ನನ್ನ ಹೆಂಡತಿಗೆ ಕಣ್ಸನ್ನೆ ಮಾಡಿದೆ. ಇಬ್ಬರೂ ಎದ್ದು, ಚಪ್ಪಲಿ ಹಾಕಿಕೊಂಡು, ಸದ್ದಾಗದಂತೆ ಬಾಗಿಲು ಎಳೆದುಕೊಂಡು ಹೊರಗೆ ಬಂದೆವು.